ಅಪ್ಪನ ಜೊತೆ ಬೆಳೀದೇ ಇದ್ರೂ ಅಪ್ಪನ ಥರಾನೇ ಮಕ್ಕಳನ್ನ ಬೆಳೆಸೋದು, ಇದು ಜೀನಾ?

ಬನಶಂಕರಿ ಅಮ್ಮ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷಯ ಇದು, ಇಲ್ಲಿ ಬಯಾಲಜಿ ಓದಿರೋರೂ ಇದ್ದೀರಿ, ಮಕ್ಕಳನ್ನ ಬೆಳೆಸಿ ಸುಸ್ತಾಗಿರೋರೂ ಇದ್ದೀರಿ, ಅದಕ್ಕೆ ಕೇಳ್ತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ.

ನಮ್ಮನೆಯವರು ಹುಟ್ಟಿದ್ದು ಶಿವಮೊಗ್ಗದಲ್ಲಿ ಆದ್ರೆ ಬೆಳೆದಿದ್ದು ತಿಪಟೂರಲ್ಲಿ, ಅಜ್ಜಿ ಮನೇಲಿ. ಮಾವಂದು ಆಗಾಗ ವರ್ಗ ಆಗೋ ಸರ್ಕಾರಿ ಕೆಲಸ, ಅತ್ತೆಗೆ ಆಗ ಆರೋಗ್ಯ ಬೇರೆ ಸರಿ ಇರ್ಲಿಲ್ಲ, ಹಾಗಾಗಿ ದೊಡ್ಡ ಮಗನ್ನ ಅಂದ್ರೆ ನಮ್ಮ ಭಾವನ್ನ ಜೊತೆಗಿಟ್ಕೊಂಡು ಇವರನ್ನ ಎರಡು ವರ್ಷದ ಕೂಸಿದ್ದಾಗ್ಲೇ ಅಜ್ಜಿ ಹತ್ರ ಬಿಟ್ರಂತೆ. ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಅಲ್ಲೇ. ಅಪ್ಪ ಅಂದ್ರೆ ಹಬ್ಬಕ್ಕೆ ಬಂದು ಹೋಗೋ ನೆಂಟರ ಥರ ಅಂತ ಇವರೇ ಹೇಳ್ತಾರೆ.

ಈಗ ನಮ್ಮ ಮಗಳಿಗೆ ಎಂಟು, ಮಗನಿಗೆ ಐದು. ರಾತ್ರಿ ಹೋಮ್‌ವರ್ಕ್ ಟೈಮಲ್ಲಿ ಮಗಳು ಏನಾದ್ರೂ ತಪ್ಪು ಹೇಳಿದ್ರೆ ಇವರು ಕನ್ನಡಕ ತೆಗೀತಾರೆ, ಮಡಚ್ತಾರೆ, ಅವಳ ಪುಸ್ತಕದ ಮೇಲೆ ಇಡ್ತಾರೆ, ಸುಮ್ನಿರ್ತಾರೆ, ಆಮೇಲೆ "ಎಲ್ಲಿ, ಇನ್ನೊಂದ್ಸಲ ಹೇಳು" ಅಂತಾರೆ. ಧ್ವನಿ ಏರಿಸಲ್ಲ, ಹೊಡೆಯೋದಂತೂ ಇಲ್ವೇ ಇಲ್ಲ, ಆದ್ರೆ ಆ ಕನ್ನಡಕ ಕೆಳಗಿಳೀತು ಅಂದ್ರೆ ಮಗು ಮುಖ ಸಣ್ಣಗಾಗೋಗತ್ತೆ. ಹೋದ ಯುಗಾದಿಗೆ ಮಾವ ಬಂದಿದ್ರು, ಮೊಮ್ಮಗಳ ಹತ್ರ ಏಳರ ಮಗ್ಗಿ ಕೇಳ್ತಾ ಕೂತ್ರು, ಏಳೆಂಟ್ಲಿ ಹತ್ರ ಅವಳು ತಡವರಿಸಿದ್ಳು. ಕನ್ನಡಕ ತೆಗೆದ್ರು. ಮಡಚಿದ್ರು. ಪುಸ್ತಕದ ಮೇಲೆ. "ಎಲ್ಲಿ, ಇನ್ನೊಂದ್ಸಲ". ನಾನು ಒಲೆ ಮುಂದೆ ಒಬ್ಬಟ್ಟಿನ ಹೆಂಚು ಹಿಡ್ಕೊಂಡು ಹಾಗೇ ನಿಂತ್ಬಿಟ್ಟೆ.

ತಮಾಷೆ ಏನಂದ್ರೆ ಅದೇ ಮಾವನ ಜೊತೆ ಪೂರ್ತಿ ಬೆಳೆದ ನಮ್ಮ ಭಾವ ಬೆಣ್ಣೆ ಥರದ ಮನುಷ್ಯ, ಮಕ್ಕಳು ತಲೆ ಮೇಲೆ ಹತ್ತಿ ಕೂತ್ರೂ ಹೋಗ್ಲಿ ಬಿಡು ಅಂತಾರೆ.

ಅತ್ತೆ ಒಂದೇ ಮಾತು, "ರಕ್ತ ಕಣೇ, ಎಲ್ಲಿ ಹೋಗತ್ತೆ". ಇವರನ್ನ ಕೇಳಿದ್ರೆ "ಎಲ್ಲಾ ಅಪ್ಪಂದಿರೂ ಹಿಂಗೇ ಕಣೆ" ಅಂತ ಟಿವಿ ಹಾಕ್ತಾರೆ. ನನ್ನ ಪ್ರಶ್ನೆ ಏನಂದ್ರೆ ಮಕ್ಕಳನ್ನ ಬೆಳೆಸೋ ರೀತೀನೂ ಜೀನಲ್ಲಿ ಬರತ್ತಾ, ಬಂದ್ರೆ ಅದನ್ನ ಬದಲಾಯ್ಸಕ್ಕೇ ಆಗಲ್ವಾ, ಮತ್ತೆ ಜೀನೇ ಆಗಿದ್ರೆ ಇಬ್ಬರು ಮಕ್ಕಳ ಜೊತೇನೂ ಒಂದೇ ಥರ ಇರ್ಬೇಕಿತ್ತಲ್ವಾ? ಮಗ ಪೆನ್ಸಿಲ್ ಮುರಿದು ಬಿಸಾಕಿದ್ರೂ ಇವರಿಗೆ ನಗು ಬರತ್ತೆ. ಮಗಳಿಗೆ ಮಾತ್ರ ಕನ್ನಡಕ.

---

ಪ್ರಶ್ನೆ ಮಾರ್ಕ್

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದವರೂ ನಮ್ಮೋರೇ, ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂದವರೂ ನಮ್ಮೋರೇ. ಎರಡೂ ಕಡೆಗೂ ಗಾದೆ ರೆಡಿ ಇಟ್ಟು ಹೋಗಿದ್ದಾರೆ, ನಿಮ್ಮ ಅತ್ತೆ ಒಂದನ್ನ ಎತ್ಕೊಂಡಿದ್ದಾರೆ ಅಷ್ಟೇ. ಬಯಾಲಜಿಯವರು ಬರ್ಲಿ, ನಾನು ಕೂತ್ಕೊಂಡು ಓದ್ತೀನಿ.

---

ಜಿಕೆವಿಕೆ ಹಕ್ಕಿ

ಬಂದೆ. (ಜೆನೆಟಿಕ್ಸ್ ಲ್ಯಾಬಲ್ಲಿ ಕೆಲಸ ಮಾಡೋಳು, ಆದ್ರೆ ನನ್ನ ದಿನನಿತ್ಯದ ಕೆಲಸ ಹಣ್ಣಿನ ನೊಣಗಳ ಜೊತೆ, ಅಪ್ಪಂದಿರ ಜೊತೆ ಅಲ್ಲ.)

ಮೊದ್ಲೇ ಒಂದು ಮಾತು ಅಕ್ಕ, ಒಬ್ಬ ಮನುಷ್ಯನ್ನ ತೋರಿಸಿ ಇವನ ಈ ಗುಣ ಜೀನಿಂದಾನಾ ಬೆಳೆದ ಮನೆಯಿಂದಾನಾ ಅಂತ ಕೇಳಿದ್ರೆ ಯಾವ ವಿಜ್ಞಾನಿಗೂ ಉತ್ತರ ಕೊಡಕ್ಕಾಗಲ್ಲ. ಚಪ್ಪಾಳೆ ಸದ್ದಲ್ಲಿ ಎಡಗೈದು ಎಷ್ಟು ಬಲಗೈದು ಎಷ್ಟು ಅಂತ ಕೇಳ್ದಂಗೆ ಅದು. ಆದ್ರೆ ಸಾವಿರಾರು ಜನರನ್ನ ಒಟ್ಟಿಗೆ ಇಟ್ಕೊಂಡು, ಇವರ ಮಧ್ಯೆ ಇರೋ *ವ್ಯತ್ಯಾಸ*ದಲ್ಲಿ ಜೀನಿನ ಪಾಲು ಎಷ್ಟು ಅಂತ ಲೆಕ್ಕ ಹಾಕ್ಬೋದು, ಹಾಕಿದ್ದಾರೆ ಕೂಡ.

ಅದಕ್ಕೆ ಅವಳಿ ಜವಳಿ ಬೇಕು. ಎರಡು ದಾರಿ ಇದೆ, ಇದನ್ನ ಜನ ಕಲಸಿಬಿಡ್ತಾರೆ ಅದಕ್ಕೆ ಬಿಡಿಸಿ ಹೇಳ್ತೀನಿ. ಒಂದು, ದೊಡ್ಡವರಾಗಿ ಮಕ್ಕಳು ಮಾಡ್ಕೊಂಡಿರೋ ಅವಳಿಗಳನ್ನ ಹಿಡಿಯೋದು, ಅಂದ್ರೆ ತದ್ರೂಪಿ ಅವಳಿ ಅಕ್ಕತಂಗಿ ಇಬ್ಬರೂ ಬೇರೆ ಬೇರೆ ಮನೇಲಿ ತಂತಮ್ಮ ಮಕ್ಕಳನ್ನ ಬೆಳೆಸೋ ರೀತಿ ಎಷ್ಟು ಹೊಂದತ್ತೆ, ತದ್ರೂಪಿ ಅಲ್ಲದ ಅವಳಿಗಳದ್ದು ಎಷ್ಟು ಹೊಂದತ್ತೆ ಅಂತ ನೋಡೋದು. ತದ್ರೂಪಿಗಳ ಜೀನ್ ಒಂದೇ ಥರ ಇರೋದ್ರಿಂದ, ಅವರದ್ದು ಜಾಸ್ತಿ ಹೊಂದಿದ್ರೆ ಅಲ್ಲಿ ತಂದೆ ತಾಯಿಯ ಜೀನ್ ಕೆಲಸ ಮಾಡ್ತಿದೆ ಅಂತ. ಎರಡನೇದು ಉಲ್ಟಾ. ಅವಳಿ *ಮಕ್ಕಳನ್ನ* ಹಿಡಿಯೋದು, ಒಂದೇ ಅಮ್ಮ ಒಂದೇ ಅಪ್ಪ ತದ್ರೂಪಿ ಮಕ್ಕಳಿಬ್ಬರನ್ನ ಜಾಸ್ತಿ ಒಂದೇ ಥರ ನಡೆಸ್ಕೊಳ್ತಾರಾ ಅಂತ. ಹೌದು ಅಂತಾದ್ರೆ ಮಗುವಿನ ಜೀನ್ ಅಪ್ಪ ಅಮ್ಮನ ಕೈಲಿ ಒಂದು ರೀತಿಯ ನಡವಳಿಕೆಯನ್ನ ಹೊರಗೆ ಎಳೀತಿದೆ ಅಂತ ಅರ್ಥ.

ಮೊದಲನೇದಕ್ಕೆ 2014ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕ್ಲಾರ್ ಮತ್ತು ಬರ್ಟ್ ಅನ್ನೋ ಇಬ್ಬರು 56 ಅಧ್ಯಯನಗಳನ್ನ ಗುಡ್ಡೆ ಹಾಕಿ ಲೆಕ್ಕ ಮಾಡಿದ್ರು. ಮಕ್ಕಳ ಮೇಲೆ ತೋರಿಸೋ ಅಕ್ಕರೆ, ಹಿಡಿತ, ಸಿಡುಕು ಇವುಗಳಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ತಂದೆ ತಾಯಿಯ ಜೀನಿನ ಪಾಲು ಸುಮಾರು 23ರಿಂದ 40 ಪರ್ಸೆಂಟ್ ಬಂತು. ನಿಮ್ಮ ಅತ್ತೆಯವರ ರಕ್ತ ಅಲ್ಲಿದೆ. ಎರಡನೇದಕ್ಕೆ ಅದೇ ವರ್ಷ ಜೆರುಸಲೇಮಿನ ಹೀಬ್ರೂ ಯೂನಿವರ್ಸಿಟಿಯ ಅವಿನುನ್ ಮತ್ತು ಕ್ನಾಫೊ ಲೆಕ್ಕ ಹಾಕಿದ್ರು. ಮಗುವಿನ ಜೀನಿನ ಪಾಲು 23, ಮಕ್ಕಳಿಬ್ಬರಿಗೂ ಸಮಾನವಾಗಿರೋ ಮನೆ ವಾತಾವರಣದ್ದು 43, ಒಂದೊಂದು ಮಗುಗೆ ಬೇರೆ ಬೇರೆ ಆಗಿ ಬೀಳೋ ಅನುಭವದ್ದು 34.

ಹಾಗಾಗಿ ಮಗಳಿಗೆ ಕನ್ನಡಕ ಮಗನಿಗೆ ನಗು ಅನ್ನೋದ್ರಲ್ಲಿ ವಿಚಿತ್ರ ಏನಿಲ್ಲ. ಅವಳು ಯಾವ ಥರದ ಮಗು? ತಪ್ಪಾದಾಗ ಅಳ್ತಾಳಾ, ವಾದ ಮಾಡ್ತಾಳಾ, ಸುಮ್ಮನೆ ಗೋಡೆ ನೋಡ್ತಾಳಾ? ಇವರ ಪ್ರತಿಕ್ರಿಯೆ ಸ್ವಲ್ಪ ಮಟ್ಟಿಗೆ ಅದರ ಮೇಲೂ ನಿಂತಿರತ್ತೆ. ಉಳಿದದ್ದು ಅವಳು ದೊಡ್ಡವಳು, ಅವಳಿಗೆ ಮಗ್ಗಿ ಇದೆ, ಅವನಿಗಿನ್ನೂ ಇಲ್ಲ ಅನ್ನೋ ಸರಳ ಕಾರಣಾನೂ ಇರ್ಬೋದು. ಇಲ್ಲಾ ಅವನು ಹುಡುಗ ಅಂತಾನೂ, ಅದು ನಿಮಗೇ ಗೊತ್ತು.

---

ಅವಳಿ ಅಮ್ಮ

ನನ್ನ ಹೆಸರು ನೋಡಿದ್ರಲ್ಲ, ಎರಡನೇ ದಾರಿಗೆ ನಮ್ಮನೇನೇ ಲ್ಯಾಬು. ವಿಜಯನಗರ, ಇಬ್ಬರೂ ಗಂಡುಮಕ್ಕಳು, ತದ್ರೂಪಿ ಅಲ್ಲ, ಒಬ್ಬ ನಮ್ಮಣ್ಣನ ಥರ ಇನ್ನೊಬ್ಬ ಯಾರ ಥರಾನೂ ಇಲ್ಲ. ದೊಡ್ಡೋನು ಚಿಕ್ಕೋನು ಅನ್ನೋ ನೆಪ ನನಗಿಲ್ಲ, ನಾಲ್ಕು ನಿಮಿಷದ ವ್ಯತ್ಯಾಸ.

ಬೆಳಗ್ಗೆ ಉಪ್ಪಿಟ್ಟು ಇಟ್ರೆ ಒಬ್ಬ ಏನಿದೆ ಅಂತಾನೂ ನೋಡ್ದೆ ತಿಂದು ತಟ್ಟೆ ಸಿಂಕಿಗೆ ಹಾಕ್ತಾನೆ. ಇನ್ನೊಬ್ಬ ಮೊದಲು ಕರಿಬೇವು ತೆಗೀತಾನೆ, ಆಮೇಲೆ ಸಾಸಿವೆ ಒಂದೊಂದೇ ಆರಿಸಿ ತಟ್ಟೆ ಅಂಚಲ್ಲಿ ಸಾಲಾಗಿ ಜೋಡಿಸ್ತಾನೆ, ಅಷ್ಟೊತ್ತಿಗೆ ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿರತ್ತೆ. ಈಗ ಹೇಳಿ, ನಾನು ಇಬ್ಬರ ಹತ್ರಾನೂ ಒಂದೇ ದನಿಯಲ್ಲಿ ಮಾತಾಡಕ್ಕೆ ಆಗತ್ತಾ? ಮೇಲಿನ ಮನೆ ಆಂಟಿ ಒಂದ್ಸಲ ಕೇಳೇಬಿಟ್ರು, "ಯಾಕಮ್ಮಾ ಆ ಮಗು ಕಂಡ್ರೆ ಆಗಲ್ವಾ ನಿಂಗೆ" ಅಂತ. ಮೈ ಉರೀತು. ಹೊರಗಿಂದ ನೋಡೋರಿಗೆ ಅಮ್ಮ ಮಗುನ ರೂಪಿಸೋದು ಮಾತ್ರ ಕಾಣತ್ತೆ, ಆ ಸಾಸಿವೆ ಸಾಲು ಅಮ್ಮನ್ನ ರೂಪಿಸ್ತಿರೋದು ಯಾರಿಗೂ ಕಾಣಲ್ಲ.

ಹಾಗಂತ ಸಾಸಿವೆ ಮಗ ಕೆಟ್ಟೋನಲ್ಲ ಆಯ್ತಾ, ರಾತ್ರಿ ಕಥೆ ಹೇಳುವಾಗ ಅವನ ಜೊತೇನೇ ಮಜಾ, ಒಂದು ಪದ ತಪ್ಪಿದ್ರೂ ಹಿಡೀತಾನೆ. ಇನ್ನೊಬ್ಬ ಎರಡನೇ ಸಾಲಿಗೇ ಗೊರಕೆ.

---

ಪ್ರಶ್ನೆ ಮಾರ್ಕ್

ಹಕ್ಕಿ ಅವರೇ, ಪರ್ಸೆಂಟ್ ಎಲ್ಲಾ ಸರಿ, ಆದ್ರೆ ಈ ಅವಳಿಗಳೆಲ್ಲಾ ಎಲ್ಲಿಯವರು? ಅಮೆರಿಕ, ಸ್ವೀಡನ್, ಬ್ರಿಟನ್ ತಾನೆ? ಅಲ್ಲಿ ಮಗು ಬೆಳೆಸೋದು ಅಂದ್ರೆ ಅಪ್ಪ ಅಮ್ಮ ಇಬ್ಬರೇ. ನಮ್ಮಲ್ಲಿ ಬಾಣಂತನಕ್ಕೆ ತವರು, ಆಮೇಲೆ ಅಜ್ಜಿ, ಇಲ್ಲಾಂದ್ರೆ ಡೇಕೇರು, ಮಧ್ಯಾಹ್ನ ಕೆಲಸದವರು, ಸಂಜೆ ಪಕ್ಕದ ಮನೆ. ಆ 23-40 ಅನ್ನೋ ನಂಬರ್ ಎತ್ಕೊಂಡು ಬಂದು ಬನಶಂಕರೀಲಿ ನೆಟ್ರೆ ಬೇರು ಬಿಡತ್ತಾ?

---

ಜಿಕೆವಿಕೆ ಹಕ್ಕಿ

ಒಳ್ಳೇ ಪ್ರಶ್ನೆ, ಮತ್ತೆ ನೀವು ಹೇಳಿದ್ದು ಸರಿ, ಬಹುಪಾಲು ಶ್ರೀಮಂತ ದೇಶಗಳದ್ದೇ. ಆ ನಂಬರ್ ಎಲ್ಲೆಲ್ಲೂ ಒಂದೇ ಇರೋ ಸ್ಥಿರಾಂಕ ಅಲ್ಲ, ಆ ಜನರಿಗೆ ಆ ಕಾಲಕ್ಕೆ ಸೇರಿದ್ದು. ವಾತಾವರಣ ಎಲ್ಲರಿಗೂ ಒಂದೇ ಥರ ಇದ್ರೆ ಉಳಿದ ವ್ಯತ್ಯಾಸ ಎಲ್ಲಾ ಜೀನಿಗೆ ಹೋಗಿ ನಂಬರ್ ಏರತ್ತೆ, ಮನೆಮನೆಗೂ ಭಾರಿ ವ್ಯತ್ಯಾಸ ಇದ್ರೆ ಇಳಿಯತ್ತೆ. ಅದೇ ಜೀನ್, ಬೇರೆ ನಂಬರ್.

ಇಲ್ಲಿ ಏನೂ ನಡೀತಿಲ್ಲ ಅಂತೇನಲ್ಲ. ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಸಿ-ವೇದ ಅಂತ ಭಾರತ-ಬ್ರಿಟನ್ ಸೇರಿ ಶುರು ಮಾಡಿದ ಒಂದು ದೊಡ್ಡ ಅಧ್ಯಯನ ಇದೆ, 6ರಿಂದ 23 ವರ್ಷದ ಸುಮಾರು 10,000 ಮಂದಿಯನ್ನ ಗುರಿ ಇಟ್ಕೊಂಡು ದೇಶದ ಏಳು ಕೇಂದ್ರಗಳಲ್ಲಿ ಮಾಡೋದು, ಬೆಂಗಳೂರೂ ಇದೆ ಮೈಸೂರೂ ಇದೆ. ಜೀನ್, ಮಿದುಳಿನ ಸ್ಕ್ಯಾನ್, ಮನೆ ಪರಿಸ್ಥಿತಿ ಎಲ್ಲಾ ಒಟ್ಟಿಗೆ ನೋಡ್ತಾರೆ. ಆದ್ರೆ ಅದು ಮುಖ್ಯವಾಗಿ ಮಾನಸಿಕ ಸಮಸ್ಯೆ, ವ್ಯಸನ ಇವುಗಳ ಅಪಾಯ ತಿಳ್ಕೊಳ್ಳಕ್ಕೆ, ಅಪ್ಪ ಯಾಕೆ ಕನ್ನಡಕ ತೆಗೀತಾರೆ ಅಂತ ತಿಳ್ಕೊಳ್ಳಕ್ಕಲ್ಲ 🙂

---

ಮಲ್ಲೇಶ್ವರಂ ತಾತ

ನಾನು ಹಳಬ, ನಿಮ್ಮ ಅವಳಿ ಲೆಕ್ಕ ನನಗೆ ಅರ್ಧ ಅರ್ಥ ಆಯ್ತು. ಆದ್ರೆ ತಾಯಿ, ಆ ಕನ್ನಡಕದ ವಿಷಯಕ್ಕೆ ನಿಮ್ಮ ಮಾವನವರನ್ನ ಒಂದು ಮಾತು ಕೇಳಿ ನೋಡಿ, ಅವರ ಮೇಷ್ಟ್ರು ಯಾರು ಅಂತ.

ನಮ್ಮ ಕಾಲದಲ್ಲಿ ಅಪ್ಪ ಪಾಠ ಹೇಳ್ಕೊಡ್ತಿರ್ಲಿಲ್ಲ. ಅಪ್ಪನ ಮುಂದೆ ನಿಲ್ಲೋಕೇ ಭಯ, ಇನ್ನ ಪಾಠ ಎಲ್ಲಿಂದ. ಪಾಠ ಅಂದ್ರೆ ಮೇಷ್ಟ್ರು. ನಮ್ಮ ಮೇಷ್ಟ್ರೊಬ್ಬರು ತಪ್ಪು ಹೇಳಿದ್ರೆ ನಶ್ಯದ ಡಬ್ಬಿ ಮುಚ್ಚಳ ಹಾಕಿ ಮೇಜಿನ ಮೇಲೆ ಟಕ್ ಅಂತ ಇಡೋರು, ಅಷ್ಟೇ, ಮುಂದಿನದ್ದು ಬೆತ್ತ. ನಾನು ನಶ್ಯ ಹಾಕಲ್ಲ, ಆದ್ರೆ ನನ್ನ ಮಗನಿಗೆ ಪಾಠ ಹೇಳುವಾಗ ಪೆನ್ನಿನ ಕ್ಯಾಪ್ ಹಾಕಿ ಟಕ್ ಅಂತ ಇಡ್ತಿದ್ದೆ ಅಂತ ನನ್ನಾಕೆ ಹೇಳ್ತಿದ್ಲು. ನನಗೂ ಆ ಮೇಷ್ಟ್ರಿಗೂ ರಕ್ತಸಂಬಂಧ ಏನೂ ಇಲ್ಲ, ಅವರು ಬೇರೆ ಊರು ಬೇರೆ ಜಾತಿ.

ಇನ್ನೊಂದು. ನನಗೂ ನನ್ನ ಮೊಮ್ಮಕ್ಕಳಿಗೂ ನಡುವೆ ಜೀನು ಎಷ್ಟು ಬದಲಾಗಿರತ್ತೆ? ಏನೂ ಇಲ್ಲ ಅಂತಾನೇ ಹೇಳಿ. ಆದ್ರೆ ಮಕ್ಕಳನ್ನ ನೋಡ್ಕೊಳ್ಳೋ ರೀತಿ ಗುರುತು ಸಿಗದಷ್ಟು ಬದಲಾಗಿದೆ. ನಮಗೆ ಶಾಲೇಲಿ ಬೆತ್ತ ದಿನದ ಊಟ, 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ್ಮೇಲೆ ಮೇಷ್ಟ್ರು ಮಗು ಮೈ ಮುಟ್ಟೋ ಹಾಗಿಲ್ಲ. ನನ್ನ ಮಗ ತನ್ನ ಮಗಳಿಗೆ "ಸಾರಿ ಪುಟ್ಟ" ಅಂತಾನೆ, ಅದನ್ನ ಕೇಳಿದ್ರೆ ನಮ್ಮಪ್ಪ ಗೋಡೆಗೆ ಒರಗಿ ಕೂತ್ಬಿಡ್ತಿದ್ರು.

---

ಬನಶಂಕರಿ ಅಮ್ಮ

ತಾತ!! ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಇವರನ್ನ ಕೇಳ್ದೆ. ತಿಪಟೂರಲ್ಲಿ ಇವರ ಸೋದರಮಾವ ಮನೆ ಜಗಲಿ ಮೇಲೇ ಟ್ಯೂಷನ್ ಹೇಳ್ತಿದ್ರಂತೆ, ಊರ ಹುಡುಗರೆಲ್ಲಾ ಬರ್ತಿದ್ರಂತೆ, ಇವರೂ ಅಲ್ಲೇ ಕೂತು ಓದಿದ್ದು. ನಾನು ಇಷ್ಟು ವರ್ಷದಲ್ಲಿ ಕೇಳೇ ಇರ್ಲಿಲ್ಲ. "ಅವರು ಕನ್ನಡಕ ಹಾಕ್ತಿದ್ರಾ" ಅಂದೆ. ಯೋಚ್ನೆ ಮಾಡಿ "ಹಾಕ್ತಿದ್ರು" ಅಂದ್ರು. ತೆಗೆದು ಇಡ್ತಿದ್ರಾ ಅನ್ನೋದು ನೆನಪಿಲ್ವಂತೆ. ಫೋನ್ ಮಾಡಿ ಅತ್ತೆಗೆ ಹೇಳಿದ್ರೆ ಅವರು ಬಿಡ್ತಾರಾ, "ನಮ್ಮಣ್ಣಂದೂ ರಕ್ತ ತಾನೇ" ಅಂದ್ರು. ಈಗೇನ್ ಹೇಳ್ತೀರಾ 😅

ಹಕ್ಕಿ ಅವರೇ, ನೀವು ಕೇಳಿದ್ರಲ್ಲ, ಮಗಳು ವಾದ ಮಾಡಲ್ಲ ಅಳಲ್ಲ, ನಗ್ತಾಳೆ. ಹೆದರಿಕೆಗೆ ನಗ್ತಾಳೆ. ಇವರಿಗೆ ಅದು ಉಡಾಫೆ ಥರ ಕಾಣತ್ತೆ ಅನ್ಸತ್ತೆ. ಮತ್ತೆ ಬದಲಾಯ್ಸಕ್ಕೆ ಆಗತ್ತಾ ಅನ್ನೋದಕ್ಕೆ ಯಾರೂ ಉತ್ತರ ಹೇಳ್ಲಿಲ್ಲ.

---

ಜಿಕೆವಿಕೆ ಹಕ್ಕಿ

ನಿಮ್ಮ ಅತ್ತೆ ಹೇಳಿದ್ದು ತಮಾಷೆ ಅಲ್ಲ, ಅದೇ ಈ ಕ್ಷೇತ್ರದ ದೊಡ್ಡ ತಲೆನೋವು. ಮಗು ಬೆಳೆಯೋ ಮನೇಲಿ ಇರೋರೇ ಆ ಮಗುಗೆ ಜೀನನ್ನೂ ಹಂಚಿಕೊಂಡಿರ್ತಾರೆ, ಯಾವುದು ಎಲ್ಲಿಂದ ಅಂತ ಬಿಡಿಸೋದು ಕಷ್ಟ. ಮನುಷ್ಯರಲ್ಲಿ ಮಕ್ಕಳನ್ನ ಅದಲು ಬದಲು ಮಾಡಿ ನೋಡಕ್ಕಾಗಲ್ಲ, ಆದ್ರೆ ಇಲಿಗಳಲ್ಲಿ ಆಗತ್ತೆ, ಮತ್ತೆ ಅಲ್ಲಿ ಬಂದ ಉತ್ತರ ಬಹಳ ಚೆನ್ನಾಗಿದೆ ಕೇಳಿ.

ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟೀಲಿ ಮೈಕೆಲ್ ಮೀನಿ ಅವರ ಗುಂಪು ಲ್ಯಾಬ್ ಇಲಿಗಳನ್ನ ನೋಡ್ತಾ ಇತ್ತು. ಕೆಲವು ತಾಯಿ ಇಲಿಗಳು ಮರಿಗಳನ್ನ ತುಂಬಾ ನೆಕ್ಕತ್ವೆ, ಕೆಲವು ಕಮ್ಮಿ. ಜಾಸ್ತಿ ನೆಕ್ಕಿಸ್ಕೊಂಡ ಹೆಣ್ಣುಮರಿಗಳು ದೊಡ್ಡವಾದ್ಮೇಲೆ ತಾವೂ ಜಾಸ್ತಿ ನೆಕ್ಕತ್ವೆ. ರಕ್ತ ಅನ್ಸತ್ತೆ ಅಲ್ವಾ? ಕಮ್ಮಿ ನೆಕ್ಕೋ ತಾಯಿಗೆ ಹುಟ್ಟಿದ ಮರಿಗಳನ್ನ ಎತ್ತಿ ಜಾಸ್ತಿ ನೆಕ್ಕೋ ತಾಯಿ ಹತ್ರ ಹಾಕಿದ್ರು. ಆ ಮರಿಗಳು ದೊಡ್ಡವಾಗಿ ಸಾಕುತಾಯಿ ಥರಾನೇ ಆದ್ವು. 1999ರಲ್ಲಿ ಪ್ರಕಟವಾದದ್ದು. ಆಮೇಲೆ 2004ರಲ್ಲಿ ಇನ್ನೊಂದು ಹೆಜ್ಜೆ, ಆ ನೆಕ್ಕಾಟದಿಂದ ಮರಿ ಮಿದುಳಲ್ಲಿ ಒತ್ತಡದ ಹಾರ್ಮೋನಿಗೆ ಸಂಬಂಧಪಟ್ಟ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತುಗಳು ಬದಲಾಗತ್ವೆ ಅಂತ ತೋರ್ಸಿದ್ರು. ಜೀನಿನ ಅಕ್ಷರ ಅದೇ, ಅದು ಎಷ್ಟು ಕೆಲಸ ಮಾಡತ್ತೆ ಅನ್ನೋದು ಬೇರೆ.

ಈಗ ಇನ್ನೊಂದು ಕಡೆ. ಅಮೆರಿಕದಲ್ಲಿ ಎರಡು ಜಾತಿಯ ಕಾಡು ಇಲಿ ಇವೆ, ಹತ್ತಿರದ ನೆಂಟರು. ಒಂದರಲ್ಲಿ ಗಂಡು ಹೆಣ್ಣು ಜೋಡಿಯಾಗೇ ಇರತ್ವೆ, ಅಪ್ಪ ಕೂಡ ಗೂಡು ಕಟ್ಟಿ ಮರಿ ನೋಡ್ಕೊಳ್ತಾನೆ. ಇನ್ನೊಂದರಲ್ಲಿ ಆ ಥರ ಜೋಡಿ ಇಲ್ಲ, ಅಪ್ಪನ ಪಾತ್ರ ಅಷ್ಟಕ್ಕಷ್ಟೆ. ಹಾರ್ವರ್ಡ್‌ನಲ್ಲಿ ಹೋಪಿ ಹೂಕ್‌ಸ್ಟ್ರಾ ಅವರ ಲ್ಯಾಬ್ ಮರಿಗಳನ್ನ ಅದಲು ಬದಲು ಮಾಡಿತು. ಇಲ್ಲಿ ಯಾರು ಸಾಕಿದ್ರು ಅನ್ನೋದು ಹೆಚ್ಚೇನೂ ಲೆಕ್ಕಕ್ಕೆ ಬರ್ಲಿಲ್ಲ, ಹುಟ್ಟಿದ ಜಾತಿ ಥರಾನೇ ಮಾಡಿದ್ವು. ಎರಡೂ ಜಾತಿ ಬೆರೆಸಿ ಮೊಮ್ಮರಿಗಳ ತನಕ ನೋಡಿದಾಗ ಜೀನೋಮಲ್ಲಿ (ಅಂದ್ರೆ ಇಡೀ ಜೀನಿನ ಗಂಟಲ್ಲಿ) ಈ ಪೋಷಣೆಗೆ ಸಂಬಂಧಪಟ್ಟ 12 ಭಾಗಗಳು ಸಿಕ್ಕಿದ್ವು, ಕೆಲವು ಅಪ್ಪನಲ್ಲಿ ಮಾತ್ರ ಕೆಲಸ ಮಾಡತ್ವೆ, ಕೆಲವು ಅಮ್ಮನಲ್ಲಿ ಮಾತ್ರ. ವಾಸೊಪ್ರೆಸಿನ್ ಅನ್ನೋ ಹಾರ್ಮೋನು ಗೂಡು ಕಟ್ಟೋದನ್ನ ಕಮ್ಮಿ ಮಾಡತ್ತೆ ಅಂತಾನೂ ಗೊತ್ತಾಯ್ತು. ಇದು 2017.

ಒಂದೇ ಥರದ ಪರೀಕ್ಷೆ, ಎರಡು ಉಲ್ಟಾ ಉತ್ತರ. ಒಂದು ಕಡೆ ಹೋಲಿಸಿದ್ದು ಒಂದೇ ಜಾತಿಯ ತಾಯಂದಿರನ್ನ, ಇನ್ನೊಂದು ಕಡೆ ವಿಕಾಸದಲ್ಲಿ ಬೇರೆಯಾಗಿಹೋದ ಎರಡು ಜಾತಿಗಳನ್ನ. ಯಾರನ್ನ ಯಾರ ಜೊತೆ ಹೋಲಿಸ್ತೀರಿ ಅನ್ನೋದ್ರ ಮೇಲೆ ಉತ್ತರ ನಿಂತಿರತ್ತೆ, ಅದಕ್ಕೇ ತಾತ ಹೇಳಿದ ತಲೆಮಾರಿನ ಬದಲಾವಣೆಗೂ ಆ 23-40ಕ್ಕೂ ಜಗಳ ಏನೂ ಇಲ್ಲ. ಒಂದು ತಲೆಮಾರಿನ ಒಳಗೆ ಯಾರು ಹೆಚ್ಚು ಕಟ್ಟುನಿಟ್ಟು ಯಾರು ಮೆತ್ತಗೆ ಅನ್ನೋದ್ರಲ್ಲಿ ಜೀನಿನ ಪಾಲಿರ್ಬೋದು, ಆದ್ರೆ ಇಡೀ ತಲೆಮಾರೇ ಬೆತ್ತ ಕೆಳಗಿಟ್ಟಿದ್ದು ಜೀನಿಂದ ಅಲ್ಲ.

ಬದಲಾಯ್ಸಕ್ಕೆ ಆಗತ್ತಾ? ಫೀನೈಲ್‌ಕೀಟೋನ್ಯೂರಿಯ ಅಂತ ಒಂದು ಕಾಯಿಲೆ ಇದೆ, ಶುದ್ಧ ಜೀನಿನ ಕಾಯಿಲೆ, ಊಟದಲ್ಲಿರೋ ಒಂದು ಅಮೈನೋ ಆಮ್ಲವನ್ನ ದೇಹಕ್ಕೆ ಕರಗಿಸ್ಕೊಳ್ಳಕ್ಕೆ ಆಗದೆ ಮಿದುಳು ಹಾಳಾಗತ್ತೆ. ಹುಟ್ಟಿದ ಮಗು ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿ ಮೊದಲೇ ಕಂಡುಹಿಡಿದು ಆಹಾರ ಬದಲಾಯಿಸಿದ್ರೆ ಮಗು ಚೆನ್ನಾಗಿ ಬೆಳೆಯತ್ತೆ. ಕಾರಣ ಪೂರ್ತಿ ಜೀನು, ಪರಿಹಾರ ಪೂರ್ತಿ ತಟ್ಟೇಲಿ. ಕನ್ನಡಕಕ್ಕೆ ಇದಕ್ಕಿಂತ ಸುಲಭದ ದಾರಿ ಇದ್ದೇ ಇರತ್ತೆ ಅಕ್ಕ.

---

ಓಆರ್‌ಆರ್ ಪ್ರಯಾಣಿಕ

ಅಪ್ಪಂದಿರ ಕಡೆಯಿಂದ ಒಬ್ಬ ಬರ್ಲೇಬೇಕಿತ್ತು, ಬಂದೆ.

ಮೇಡಂ, ನಿಮ್ಮನೆಯವರು ಆಫೀಸಿಂದ ಎಷ್ಟೊತ್ತಿಗೆ ಬರ್ತಾರೆ ಅಂತ ಯಾರೂ ಕೇಳ್ಲಿಲ್ಲ. ನನ್ನ ಕಥೆ ಹೇಳ್ತೀನಿ, ಮಾರತಹಳ್ಳಿಯಿಂದ ಜೆಪಿ ನಗರ, ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ನಾನು ಮನುಷ್ಯ ಆಗಿ ಉಳಿದಿರಲ್ಲ. ಬಂದು ಶೂ ಬಿಚ್ಚೋದಕ್ಕೂ ಮುಂಚೆ ಮಗ ಭಿನ್ನರಾಶಿ ಹಿಡ್ಕೊಂಡು ಬರ್ತಾನೆ. ಆ ಹೊತ್ತಲ್ಲಿ ನನ್ನ ಬಾಯಿಂದ ಬರೋದನ್ನ ಜೀನು ಅಂತ ಕರೆದ್ರೆ ಜೀನಿಗೆ ಅವಮಾನ. ವರ್ಕ್ ಫ್ರಮ್ ಹೋಮ್ ದಿನ ಅದೇ ಅಪ್ಪ, ಅದೇ ಭಿನ್ನರಾಶಿ, ಇಬ್ಬರೂ ಚಪಾತಿ ಹರಿದು ಕಾಲು ಭಾಗ ಅರ್ಧ ಭಾಗ ಅಂತ ಆಡ್ಕೊಂಡು ಕಲೀತೀವಿ.

ನಮ್ಮನೇಲಿ ಮಾಡಿದ್ದು ಒಂದೇ, ಲೆಕ್ಕ ಹೆಂಡತಿಗೆ ಕೊಟ್ಟೆ, ಸ್ನಾನ ಮತ್ತೆ ಕಥೆ ನಾನು ತಗೊಂಡೆ. ಅಪ್ಪನ ಸ್ವಭಾವ ಬದಲಾಯ್ಸೋದು ಕಷ್ಟ, ಅಪ್ಪನ ಡ್ಯೂಟಿ ಬದಲಾಯ್ಸೋದು ಸುಲಭ.

ಅಂದಹಾಗೆ ಮಗು ಜೊತೆ ಇದ್ರೆ ಗಂಡಸರ ಮೈನೇ ಬದಲಾಗತ್ತೆ ಅಂತ ಎಲ್ಲೋ ಓದಿದ್ದೆ, ಹಕ್ಕಿ ಅವರೇ ನಿಜಾನಾ?

---

ಜಿಕೆವಿಕೆ ಹಕ್ಕಿ

ನಿಜ. ಫಿಲಿಪೀನ್ಸ್‌ನ ಸೆಬುನಲ್ಲಿ 624 ಗಂಡಸರನ್ನ ನಾಲ್ಕೂವರೆ ವರ್ಷ ಹಿಂಬಾಲಿಸಿ ನೋಡಿದ್ರು, 2011ರಲ್ಲಿ ಬಂತು. ಆ ಅವಧೀಲಿ ಅಪ್ಪಂದಿರಾದವರ ಟೆಸ್ಟೋಸ್ಟಿರೋನ್ ಅನ್ನೋ ಗಂಡು ಹಾರ್ಮೋನು ಮಕ್ಕಳಾಗದವರಿಗಿಂತ ಚೆನ್ನಾಗೇ ಇಳಿದಿತ್ತು, ಅದರಲ್ಲೂ ದಿನಕ್ಕೆ ಮೂರು ಗಂಟೆ ಅಥವಾ ಜಾಸ್ತಿ ಮಗು ನೋಡ್ಕೊಳ್ಳೋರದ್ದು ಇನ್ನೂ ಕಮ್ಮಿ. ಜೈವಿಕ ಅಂದ ತಕ್ಷಣ ಹುಟ್ಟಿನಿಂದ ಬಂದದ್ದು ಅಂತ ಅಂದ್ಕೊಳ್ತೀವಿ, ಇಲ್ಲಿ ನೋಡಿ, ಮಗುನ ಸ್ನಾನ ಮಾಡ್ಸೋದೂ ಹಾರ್ಮೋನಿಗೆ ಲೆಕ್ಕ.

---

ಬನಶಂಕರಿ ಅಮ್ಮ

ಇವರು ಬರೋದು ಎಂಟು, ಎಂಟೂವರೆ, ಎಲೆಕ್ಟ್ರಾನಿಕ್ ಸಿಟಿಯಿಂದ. ಓಆರ್‌ಆರ್ ಅವರೇ ನಿಮ್ಮ ಐಡಿಯಾ ಅತ್ತೆಗೆ ಹೇಳಿದ್ರೆ "ಗಂಡಸು ಲೆಕ್ಕ ಬಿಟ್ಟು ಕಥೆ ಹೇಳೋದಾ" ಅಂತಾರೆ, ಹಾಗಾಗಿ ಹೇಳಲ್ಲ. ಇವರಿಗೆ ಹೇಳ್ದೆ, ಒಪ್ಪಿದ್ರು, ಒಂದೇ ಷರತ್ತು, ಕನ್ನಡ ಪಾಠ ತಮಗೇ ಬೇಕಂತೆ. ಮಗಳ ಒತ್ತಕ್ಷರ ನೋಡಿದ್ರೆ ಅದಕ್ಕೂ ಕನ್ನಡಕ ಇಳಿಯೋ ಹಾಗಿದೆ. ನೋಡೋಣ. ಅವಳು ನಗೋದು ಭಯಕ್ಕೆ ಅಂತ ಹೇಳಿದ್ದಕ್ಕೆ ಮಾತ್ರ ಇವರು ನಿಜವಾಗ್ಲೂ ಆಶ್ಚರ್ಯ ಪಟ್ರು.

---

ಕೆಂಗೇರಿ ಕಡೆಯವಳು

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಭಾನುವಾರ ಸ್ಟಾಲ್ ಹಾಕಿದ್ರು, ಮಗು ಬೆರಳಚ್ಚು ತಗೊಂಡು ಹುಟ್ಟು ಸ್ವಭಾವ ಏನು, ಅಪ್ಪ ಅಮ್ಮ ಹೇಗೆ ಬೆಳೆಸ್ಬೇಕು ಅಂತ ರಿಪೋರ್ಟ್ ಕೊಡ್ತಾರಂತೆ. ಪಕ್ಕದಲ್ಲೇ ಎಂಜಲು ತಗೊಂಡು ಡಿಎನ್‌ಎ ನೋಡೋ ಪ್ಯಾಕೇಜೂ ಇತ್ತು, ಅದಕ್ಕೆ ದುಡ್ಡು ಜಾಸ್ತಿ. ನಮ್ಮನೆಯವರು ಮಾಡ್ಸೋಣ ಅಂತಿದ್ದಾರೆ. ಮಾಡ್ಸಬೋದಾ?

---

ಜಿಕೆವಿಕೆ ಹಕ್ಕಿ

ಬೆರಳಚ್ಚಿಂದ ಸ್ವಭಾವ ಹೇಳೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ಅದು ಕೈ ನೋಡಿ ಭವಿಷ್ಯ ಹೇಳೋದು, ಲ್ಯಾಪ್‌ಟಾಪ್ ಇಟ್ಕೊಂಡು.

ಡಿಎನ್‌ಎದ್ದು ಸ್ವಲ್ಪ ನುಣುಪಾದ ಸುಳ್ಳು. ಒಂದು ಕಾಲದಲ್ಲಿ ಡೋಪಮಿನ್, ಆಕ್ಸಿಟೋಸಿನ್ ಅನ್ನೋ ಮಿದುಳಿನ ರಾಸಾಯನಿಕಗಳಿಗೆ ಸಂಬಂಧಪಟ್ಟ ಒಂದೊಂದು ಜೀನು ಅಂತ ಒಂದೊಂದನ್ನೇ ಹಿಡ್ಕೊಂಡು ಸ್ವಭಾವಕ್ಕೆ ಗಂಟು ಹಾಕೋ ಸಣ್ಣ ಸಣ್ಣ ಅಧ್ಯಯನ ರಾಶಿ ಬಂದ್ವು, ದೊಡ್ಡ ಸಂಖ್ಯೇಲಿ ಜನರನ್ನ ತಗೊಂಡು ನೋಡಿದಾಗ ಅದರಲ್ಲಿ ಬಹಳಷ್ಟು ನಿಲ್ಲಲಿಲ್ಲ. ಸ್ವಭಾವದಂಥ ವಿಷಯಕ್ಕೆ ಸಾವಿರಾರು ಜೀನ್ ವ್ಯತ್ಯಾಸಗಳು ಒಂದೊಂದು ಚಿಟಿಕೆ ಸೇರಿಸತ್ವೆ. ಅಷ್ಟೇ ಅಲ್ಲ, 2018ರಲ್ಲಿ ಐಸ್‌ಲ್ಯಾಂಡಿನವರು ಇನ್ನೊಂದು ತೋರಿಸಿದ್ರು, ಅಪ್ಪ ಅಮ್ಮನಲ್ಲಿದ್ದು ಮಗುಗೆ *ಬರದೇ* ಉಳಿದ ಜೀನ್ ರೂಪಗಳು ಕೂಡ ಮಗು ಎಷ್ಟು ಓದತ್ತೆ ಅನ್ನೋದ್ರ ಮೇಲೆ ಪರಿಣಾಮ ಬೀರತ್ವೆ, ಮಗುಗೆ ಬಂದ ಜೀನುಗಳ ಪರಿಣಾಮದ ಸುಮಾರು 30 ಪರ್ಸೆಂಟಿನಷ್ಟು. ಬರದೇ ಇರೋ ಜೀನು ಹೇಗೆ ಕೆಲಸ ಮಾಡತ್ತೆ? ಅಪ್ಪ ಅಮ್ಮ ಹೇಗಿರ್ತಾರೆ, ಮನೆ ಹೇಗಿಡ್ತಾರೆ ಅನ್ನೋದ್ರ ಮೂಲಕ. ಅದು ಮಗು ಎಂಜಲಲ್ಲಿ ಸಿಗಲ್ಲ.

ಮಗು ಮಾತು, ನಡಿಗೆ, ಬೆರೆಯೋದು ಇದರಲ್ಲೆಲ್ಲಾ ನಿಜವಾದ ಚಿಂತೆ ಇದ್ರೆ ಮಕ್ಕಳ ಡಾಕ್ಟರಿಗೆ ತೋರ್ಸಿ. ನಿಮಗೇ ತಡ್ಕೊಳ್ಳಕ್ಕಾಗ್ತಿಲ್ಲ ಅಂದ್ರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡ್ಬೋದು, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸ್ಟಾಲ್ ದುಡ್ಡಲ್ಲಿ ಮಗುನ ಕಬ್ಬನ್ ಪಾರ್ಕಿಗೆ ಕರ್ಕೊಂಡೋಗಿ.

---

ಅವಳಿ ಅಮ್ಮ

ಇಬ್ಬರಿಗೆ ಮಾಡ್ಸಿದ್ರೆ ಡಿಸ್ಕೌಂಟ್ ಇತ್ತಾ? ಸುಮ್ನೆ ಕೇಳ್ದೆ. ಸಾಸಿವೆ ಬಗ್ಗೆ ರಿಪೋರ್ಟಲ್ಲಿ ಏನ್ ಬರೀತಿದ್ರೋ ನೋಡ್ಬೇಕಿತ್ತು.